ತಂಪಿನ ಮೂಲೆ

ಮಾರ್ಚ್ 3, ಸೋಮವಾರ

ಕ್ವಾರ್ಟರ್ಸ್ ಖಾಲಿ ಮಾಡಬೇಕಂತೆ. ಆಸ್ಪತ್ರೆಯವರು ಫೋನು ಮಾಡಿದ್ದರು. ಈ ಮನೆ ಕೊಟ್ಟಿದ್ದು ಮಗಳಿಗೆ, ಅಲ್ಲಿನ ಲ್ಯಾಬಿನಲ್ಲಿ ಅವಳು ಕೆಲಸ ಮಾಡುವ ತನಕ. ಕೆಲಸ ಮಾಡುವವಳೇ ಹೋಗಿ ಐದು ತಿಂಗಳಾಯಿತು. ಇಷ್ಟು ದಿನ ಸುಮ್ಮನಿದ್ದದ್ದೇ ಅವರ ದೊಡ್ಡತನ.

ಅಳಿಯಂದಿರು ಈ ಮಾತು ಹೇಳಿದ್ದು ನನ್ನ ಕೋಣೆಯ ಹೊಸ್ತಿಲಾಚೆ ನಿಂತು. ಅವಳು ಹೋದ ಮೇಲೆ ಅವರು ಒಳಗೆ ಕಾಲಿಟ್ಟಿಲ್ಲ. "ಈ ತಿಂಗಳೊಳಗೆ ಬಿಡ್ಬೇಕು, ಅತ್ತೆ" ಅಂದರು. ಆಗಲಿ ಅಂದೆ. ಎಲ್ಲಿಗೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮಗಳೇ ಇಲ್ಲದ ಮೇಲೆ ಅಳಿಯನ ಮನೆಯಲ್ಲಿ ನನಗೆ ಯಾವ ಹಕ್ಕು? ತಂಗಿ ಬಾ ಅನ್ನುತ್ತಾಳೆ. ಅವಳ ಸೊಸೆ ಅನ್ನುವುದಿಲ್ಲ. ದೇವರು ದೊಡ್ಡ ಮನಸ್ಸು ಮಾಡಿದರೆ ಎಲ್ಲಿಗೂ ಹೋಗಬೇಕಾಗಿಲ್ಲ.

ಮಾರ್ಚ್ 5, ಬುಧವಾರ

ಕೆಲಸದಿಂದ ಬಂದ ಅಳಿಯಂದಿರು ಬೂಟು ಕೂಡ ಬಿಚ್ಚದೆ ಕುದುರೆಗಳ ಮುಂದೆ ಕೂತರು. ದಿನಾ ಇದೇ.

ಕುದುರೆಗಳೆಂದರೆ ಕಡಲಕುದುರೆಗಳು, ಒಂದು ಜೋಡಿ. ಮಗಳ ಹುಚ್ಚು. ನಡುಮನೆಯಲ್ಲಿ ಗೋಡೆಯುದ್ದದ ಗಾಜಿನ ತೊಟ್ಟಿ, ಅದರಲ್ಲಿ ಬೆರಳುದ್ದದ ಈ ಎರಡು ಪ್ರಾಣಿ. ಮೀನೆಂದರೆ ಮೀನಿನ ಹಾಗಿಲ್ಲ. ಈಜಲೂ ಸರಿಯಾಗಿ ಬರುವುದಿಲ್ಲ, ಬಾಲದಿಂದ ಏನನ್ನಾದರೂ ಸುತ್ತಿ ಹಿಡಿದುಕೊಂಡು ದಿನ ಕಳೆಯುತ್ತವೆ. ಬೆಳಿಗ್ಗೆ ಮಾತ್ರ ಹೆಣ್ಣು ತಾನಿದ್ದ ಜಾಗ ಬಿಟ್ಟು ಗಂಡಿನ ಹತ್ತಿರ ಬರುತ್ತದೆ. ಎರಡೂ ಬಣ್ಣ ಬದಲಿಸಿ, ಸ್ವಲ್ಪ ಹೊತ್ತು ಜೊತೆಯಲ್ಲಿ ಸುತ್ತಾಡಿ, ಮತ್ತೆ ತಂತಮ್ಮ ಜಾಗಕ್ಕೆ. ಮಗಳು ಹಲ್ಲುಜ್ಜುತ್ತಲೇ ಅದನ್ನು ನೋಡುತ್ತಾ ನಿಲ್ಲುತ್ತಿದ್ದಳು. ನೀರು ಇಪ್ಪತ್ನಾಲ್ಕು ಡಿಗ್ರಿ ದಾಟಬಾರದಮ್ಮ, ಇವು ಸೆಕೆ ತಡೆಯೋದಿಲ್ಲ, ಬೇಗ ರೋಗ ಹತ್ತುತ್ತೆ ಅನ್ನುತ್ತಿದ್ದಳು.

ಅವಳ ಜ್ವರವನ್ನು ಯಾರೂ ಅಷ್ಟು ಕಾಳಜಿಯಿಂದ ಅಳೆಯಲಿಲ್ಲ. ಬೆಳಗಾಗಲಿ, ನೋಡೋಣ ಅಂದವರು ಇದೇ ಅಳಿಯಂದಿರು. ಬೆಳಗಾಗುವಷ್ಟರಲ್ಲಿ ಮೈಯೆಲ್ಲ ನಂಜೇರಿತ್ತು.

ಮಾರ್ಚ್ 9, ಭಾನುವಾರ

ಮನೆ ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಯಾಕೋ ಗೊತ್ತಿಲ್ಲ. ನಾಲ್ಕನೆಯ ಮಹಡಿ, ಮೇಲೆ ಬರೀ ತಾರಸಿ. ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದಂಥ ಅಡುಗೆಮನೆ. ಪಶ್ಚಿಮದ ಕೋಣೆಯ ಗೋಡೆ ಮುಟ್ಟಿದರೆ ಜ್ವರ ಬಂದವರ ಹಣೆ ಮುಟ್ಟಿದ ಹಾಗಿತ್ತು. ಉತ್ತರದ ಕೋಣೆಗೆ ಪಕ್ಕದ ಕಟ್ಟಡದ ನೆರಳು, ಪರವಾಗಿಲ್ಲ.

ಸಾಕುಪ್ರಾಣಿ ಏನಾದರೂ ಇದೆಯೇ ಎಂದು ಮನೆಯೊಡತಿ ಕೇಳಿದಳು. "ಎರಡು ಕುದುರೆ" ಅಂದರು ಅಳಿಯಂದಿರು, ಮುಖದಲ್ಲಿ ನಗುವಿಲ್ಲದೆ. ಆಕೆ ಮೆಟ್ಟಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನೇ ಬಿಡಿಸಿ ಹೇಳಬೇಕಾಯಿತು. ಹಾಗಾದರೆ ದೊಡ್ಡ ತೊಟ್ಟಿ ಬೇಡ, ಹಳೇ ಕಟ್ಟಡ, ಭಾರ ತಡೆಯುವುದಿಲ್ಲ ಅಂದಳು.

ಇವರು ಉತ್ತರದ ಕೋಣೆಯ ಗೋಡೆಗಳನ್ನೆಲ್ಲ ಅಂಗೈಯಿಂದ ಮುಟ್ಟಿ ಮುಟ್ಟಿ ನೋಡಿದರು. ತಂಪಿನ ಕೋಣೆ ಯಾರಿಗೆ ಅನ್ನುವುದು ಆಗಲೇ ತಿಳಿಯಿತು. ಕುದುರೆಗಳಿಗೆ.

ಮಾರ್ಚ್ 13, ಗುರುವಾರ

ಆ ಮನೆಯೇ ಗೊತ್ತಾಯಿತು. ಇವತ್ತು ಚಿಕ್ಕ ತೊಟ್ಟಿ ನೋಡಲು ಅಕ್ವೇರಿಯಂ ಅಂಗಡಿಗೆ. ನಾನು ಬರುವುದಿಲ್ಲ ಅಂದೆ. "ಬನ್ನಿ ಅತ್ತೆ, ನೀವಿರಬೇಕು" ಅಂದರು. ಎದುರಾಡಲು ತ್ರಾಣವಿರಲಿಲ್ಲ, ಹೋದೆ.

ಅಂಗಡಿಯಾಕೆ ಮಗಳನ್ನು ಬಲ್ಲವಳು. ಈ ಜೋಡಿ ಹುಟ್ಟಿದ್ದೂ ಈ ಅಂಗಡಿಯ ತೊಟ್ಟಿಯಲ್ಲೇ. ವಿಷಯ ಕೇಳಿ ಕೈ ಹಿಡಿದುಕೊಂಡಳು. ನಾನು ಕೈ ಎಳೆದುಕೊಂಡೆ.

ಎದುರಿಗೇ ಒಂದು ಚೆಂದದ ಪುಟ್ಟ ತೊಟ್ಟಿ ಇತ್ತು. ಮೇಜಿನ ಮೇಲಿಡುವಂಥದು, ಮುಚ್ಚಳದಲ್ಲೇ ದೀಪ, ಪೆಟ್ಟಿಗೆಯ ಮೇಲೆ ಕಡಲಕುದುರೆಯದೇ ಚಿತ್ರ. ಇದೇ ಆಗಬಹುದಲ್ಲ ಅಂದೆ, ಬೇಗ ಮುಗಿಯಲಿ ಎಂದು. ಅವಳು ಬೇಡವೆಂದು ತಲೆಯಾಡಿಸಿದಳು. ನೀರು ಕಡಿಮೆಯಿದ್ದಷ್ಟೂ ಬೇಗ ಬಿಸಿಯಾಗುತ್ತದಂತೆ. ಮುಚ್ಚಳ ಹಾಕಿದರೆ ಸೆಕೆ ಒಳಗೇ ಉಳಿಯುತ್ತದೆ. ದೀಪ, ನೀರಲ್ಲಿ ಮುಳುಗಿಸುವ ಮೋಟಾರು, ಎಲ್ಲವೂ ನೀರನ್ನು ಕಾಯಿಸುವಂಥವೇ. ಅಳಿಯಂದಿರು ಒಂದೊಂದಾಗಿ ಕೇಳುತ್ತಾ ಹೋದರು. ಲಿಫ್ಟು ರಿಪೇರಿ ಮಾಡುವ ಮನುಷ್ಯ, ಯಂತ್ರದ ಮಾತು ಬಂದರೆ ನಾಲಿಗೆ ಸಡಿಲವಾಗುತ್ತದೆ. ಹಳೆಯ ತೊಟ್ಟಿಗಿದ್ದ ತಂಪು ಮಾಡುವ ಯಂತ್ರವನ್ನೇ ಹಾಕೋಣವೇ ಅಂದರೆ, ಅದು ನೀರಿನ ಬಿಸಿಯನ್ನು ತೆಗೆದು ಕೋಣೆಗೆ ಉಗುಳುತ್ತದೆ, ಸಣ್ಣ ಕೋಣೆಯಲ್ಲಿ ಮನುಷ್ಯರು ಬೇಯುತ್ತಾರೆ ಅಂದಳು.

ಕೊನೆಗೆ ಒಪ್ಪಿದ್ದು ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದಕ್ಕೆ. ಹಳೆಯದಕ್ಕಿಂತ ಎಷ್ಟೋ ಚಿಕ್ಕದು, ಆದರೂ ನನ್ನ ಸೊಂಟದೆತ್ತರ. ಅಗಲ ಕಡಿಮೆ, ಎತ್ತರ ಜಾಸ್ತಿ, ಮೇಲೆ ಮುಚ್ಚಳವಿಲ್ಲ. ಕಡಲಕುದುರೆಗಳಿಗೆ ಮೇಲೆ ಕೆಳಗೆ ಓಡಾಡಲು ಎತ್ತರ ಬೇಕಂತೆ. ನೀರಿನ ಮೇಲೆ ಫ್ಯಾನಿನ ಗಾಳಿ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಇದು ಸಾಲದೇ ಹೋಗಬಹುದು, ಬೇಸಿಗೆ ಜೋರಾದರೆ ನನ್ನನ್ನು ಬೈಯಬೇಡಿ ಎಂದೂ ಹೇಳಿದಳು.

ಮನೆಯಲ್ಲಿ ಯಾರು ನೋಡಿಕೊಳ್ಳುವುದು ಎಂದು ಕೇಳಿದ್ದಕ್ಕೆ ಇವರು, "ಅತ್ತೆ ನೋಡ್ಕೋತಾರೆ" ಅಂದುಬಿಟ್ಟರು. ನನ್ನನ್ನು ಒಂದು ಮಾತು ಕೇಳದೆ.

ಮಾರ್ಚ್ 17, ಸೋಮವಾರ

ಹೊಸ ಮನೆಯಲ್ಲಿ ಅಲ್ಲಲ್ಲಿ ಬಕೆಟ್ಟುಗಳಲ್ಲಿ ನೀರಿಟ್ಟು, ಥರ್ಮಾಮೀಟರು ಇಳಿಬಿಟ್ಟು, ಯಾವ ಜಾಗ ತಂಪು ಎಂದು ನೋಡುತ್ತಿದ್ದಾರೆ. ಓದುವ ಕೆಲಸ ನನಗೆ. ಮುದ್ರಣಾಲಯದಲ್ಲಿ ಪ್ರೂಫ್ ನೋಡಿ ನೋಡಿ ಸವೆದ ಕಣ್ಣು, ಸಣ್ಣ ಗೆರೆ ಈಗಲೂ ತಪ್ಪುವುದಿಲ್ಲ. ಗೆದ್ದದ್ದು ಉತ್ತರದ ಕೋಣೆಯಲ್ಲಿ ಬಚ್ಚಲಿಗೆ ಅಂಟಿದ ಮೂಲೆ. ಮಂಚ ಹಾಕುವುದಿದ್ದರೆ ಅಲ್ಲೇ ಹಾಕಬೇಕಿತ್ತು.

ತಂಗಿಗೆ ಫೋನು ಮಾಡಬೇಕು. ನಾಳೆ ಮಾಡುತ್ತೇನೆ.

ಮಾರ್ಚ್ 23, ಭಾನುವಾರ

ಸಾಮಾನೆಲ್ಲ ಬಂತು. ನಾನೂ ಬಂದೆ, ಸಾಮಾನಿನ ಜೊತೆ.

ನನ್ನ ಮಂಚ ಉತ್ತರದ ಕೋಣೆಯಲ್ಲಿದೆ, ತೊಟ್ಟಿಯ ಪಕ್ಕ. ಅಳಿಯ ಪಶ್ಚಿಮದ ಕೋಣೆಗೆ ಹೋದರು. ಅಲ್ಲಿ ಸುಡುತ್ತದೆ ಅಂದೆ. "ನನಗೇನಾಗುತ್ತೆ, ನೀವು ತಂಪಲ್ಲಿರಿ" ಅಂದರು. ಮಗಳ ಸೀರೆಗಳ ಪೆಟ್ಟಿಗೆಯನ್ನು ಯಾರ ಕೋಣೆಯಲ್ಲಿಡುವುದೆಂದು ಇಬ್ಬರಿಗೂ ಗೊತ್ತಾಗದೆ ನಡುವಿನ ಬಾಗಿಲಲ್ಲೇ ಬಿಟ್ಟಿದ್ದೇವೆ. ಓಡಾಡುವಾಗ ಇಬ್ಬರೂ ಎಡವುತ್ತೇವೆ.

ಹಳೆಯ ತೊಟ್ಟಿಯ ನೀರು, ಕಲ್ಲು, ಸೋಸುವ ಸ್ಪಂಜು ಎಲ್ಲ ಹಾಗೇ ತಂದು ಹಾಕಿದೆವು, ಹೊಸ ಜಾಗ ಎಂದು ಕುದುರೆಗಳಿಗೆ ಅನ್ನಿಸದಿರಲೆಂದು. ನಮಗೆ ಅಂಥ ಏರ್ಪಾಡು ಯಾರೂ ಮಾಡಲಿಲ್ಲ.

ಮಾರ್ಚ್ 30, ಭಾನುವಾರ

ವಾರವಿಡೀ ಅಳಿಯಂದಿರಿಂದ ನನಗೆ ಪಾಠ. ಹೆಪ್ಪುಗಟ್ಟಿದ ಸೀಗಡಿಯನ್ನು ಕರಗಿಸಿ, ತೊಳೆದು, ಮೂತಿಯ ಮುಂದೆ ಬಿಡುವುದು. ಫ್ಯಾನಿನ ಗಾಳಿಗೆ ನೀರು ಆರಿ ಕಡಿಮೆಯಾದರೆ ಸಿಹಿನೀರನ್ನೇ ತುಂಬಬೇಕು, ಉಪ್ಪುನೀರಲ್ಲ. ನೀರು ಮಾತ್ರ ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಕರೆಂಟು ಹೋದರೆ ಗಾಜಿಗೆ ಒದ್ದೆ ಬಟ್ಟೆ ಸುತ್ತಿ, ಬೀಸಣಿಗೆಯಿಂದ ಬೀಸಿ, ಲೋಟದಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಿರಬೇಕು. ಐಸನ್ನು ಒಮ್ಮೆಲೇ ಹಾಕಬಾರದು. ಹೇಳಿದ್ದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಬೇಕು. ತಪ್ಪಿಲ್ಲದೆ ಒಪ್ಪಿಸಿದರೆ ತಲೆಯಾಡಿಸಿ ಎದ್ದು ಹೋಗುತ್ತಾರೆ.

ಬರೀ ಇದಲ್ಲ. ಫ್ಯೂಸ್ ಹಾಕುವುದು ತೋರಿಸಿದರು. ಗ್ಯಾಸು ನನ್ನ ಹೆಸರಿಗೆ ಮಾಡಿಸಿದರು. ಕೆಳಗಿನ ಮನೆಯವರಿಗೆ ನನ್ನ ಗುರುತು ಮಾಡಿಕೊಟ್ಟು, ತಂಗಿಯ ಫೋನ್ ನಂಬರನ್ನೂ ಕೊಟ್ಟು ಬಂದರು. ತಮ್ಮ ಒಳ್ಳೆಯ ಕೋಟನ್ನು ವಾಚ್‌ಮನ್‌ಗೆ ಕೊಟ್ಟರಂತೆ.

ನನಗೆ ಅರ್ಥವಾಗದ್ದೇನಲ್ಲ. ಎಲ್ಲಿಗೋ ಹೊರಟಿದ್ದಾರೆ. ಇನ್ನೊಂದು ಮದುವೆಯೋ ಏನೋ. ಗಂಡಸರಿಗೇನು, ಆರು ತಿಂಗಳೇ ಹೆಚ್ಚು. ಹಳೆಯ ಅತ್ತೆಯನ್ನೂ ಹಳೆಯ ಕುದುರೆಗಳನ್ನೂ ಒಂದೇ ಕೋಣೆಗೆ ತುಂಬಿ ಕೈತೊಳೆದುಕೊಳ್ಳುವುದು. ಹೊಸ ಸಂಸಾರಕ್ಕೆ ಆ ಕೋಟು ಹಳೆಯದಾಯಿತೇನೋ.

ಅವರ ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿದಿತ್ತು. ನಿನ್ನೆಯೂ.

ಏಪ್ರಿಲ್ 4, ಶುಕ್ರವಾರ

ಅಳಿಯನ ಮೇಸ್ತ್ರಿ ಬಂದಿದ್ದ. ಇವರು ಇಲ್ಲದ ಹೊತ್ತು ನೋಡಿಯೇ ಬಂದ ಹಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು ಟೋಪಿಯನ್ನು ಕೈಯಲ್ಲಿ ತಿರುವುತ್ತಾ ಮಾತು ತೆಗೆದ.

ಎತ್ತರದ ಕಟ್ಟಡವೊಂದರಲ್ಲಿ ಲಿಫ್ಟು ಕೆಟ್ಟಿತ್ತಂತೆ. ಮೇಲಿನ ಮಹಡಿಯಲ್ಲಿ ಬಾಗಿಲು ತೆಗೆಸಿ ಕೆಲಸ ನಡೆಯುತ್ತಿತ್ತು. ಸೊಂಟಕ್ಕೆ ಕಟ್ಟುವ ಬೆಲ್ಟು ಬಿಚ್ಚಿಟ್ಟು ಅಳಿಯ ಲಿಫ್ಟು ಓಡಾಡುವ ಆ ಬಾವಿಯ ಅಂಚಿನಲ್ಲಿ ನಿಂತಿದ್ದನಂತೆ, ಕೆಳಗೆ ನೋಡುತ್ತಾ. ಕೂಗಿದರೆ ಓಗೊಡಲಿಲ್ಲ. ಮೇಸ್ತ್ರಿ ಹಿಂದಿನಿಂದ ಹೋಗಿ ತಬ್ಬಿ ಎಳೆದುಕೊಂಡನಂತೆ. ಏನೋ ಇದು ಅಂದರೆ, "ಏನಿಲ್ಲ, ಮನೇಲಿ ಎಲ್ಲಾ ವ್ಯವಸ್ಥೆ ಆಗಿದೆ" ಅಂದನಂತೆ.

"ಏನು ವ್ಯವಸ್ಥೆ ಅಮ್ಮ ಅದು?" ಎಂದು ಮೇಸ್ತ್ರಿ ನನ್ನನ್ನು ಕೇಳಿದ.

ನಾನು ಮೂಲೆಯ ತೊಟ್ಟಿಯ ಕಡೆ ನೋಡಿದೆ. ಡಾಕ್ಟರು ಬರೆದುಕೊಡುವ ತನಕ ಅವನನ್ನು ಕೆಲಸಕ್ಕೆ ಸೇರಿಸುವುದಿಲ್ಲ, ಒಂಟಿ ಬಿಡಬೇಡಿ ಎಂದು ಹೇಳಿ ಎದ್ದ.

ಏಪ್ರಿಲ್ 5, ಶನಿವಾರ

ಅವನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತಿರುತ್ತೇನೆ. ಎಷ್ಟು ದಿನ ಹೀಗೆ ಕಾಯಲಾದೀತು.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಸೀಗಡಿ ಕರಗಿಸಲು ಕರೆದ. ನನಗೆ ಬರುವುದಿಲ್ಲ ಅಂದೆ.

ಮೊನ್ನೆ ಎಲ್ಲಾ ಸರಿಯಾಗಿ ಒಪ್ಪಿಸಿದಿರಲ್ಲ ಅಂದ. ಮರೆತುಹೋಯಿತು ಅಂದೆ. ಉಪ್ಪು ಯಾವುದಕ್ಕೆ, ಸಿಹಿನೀರು ಯಾವುದಕ್ಕೆ, ಒಂದೂ ನೆನಪಿಲ್ಲ, ವಯಸ್ಸಾಯಿತು. ಮತ್ತೆ ಮೊದಲಿನಿಂದ ಹೇಳಿಕೊಟ್ಟ. ಬೇಕೆಂದೇ ಎಲ್ಲಾ ತಲೆಕೆಳಗಾಗಿ ಒಪ್ಪಿಸಿದೆ. ಜೀವಮಾನವಿಡೀ ಅಕ್ಷರ ತಪ್ಪಿದರೆ ಸಹಿಸದವಳು ನಾನು. ಅವನು ನನ್ನನ್ನೇ ನೋಡುತ್ತಾ ನಿಂತ.

"ಮೇಸ್ತ್ರಿ ಬಂದಿದ್ನಾ?" ಎಂದು ಕೇಳಿದ.

"ಬಂದಿದ್ದ."

ನೆಲದ ಮೇಲೆ ಕುಸಿದು ಕೂತ. "ಅವತ್ತೇ ಕರ್ಕೊಂಡು ಹೋಗಿದ್ದಿದ್ರೆ ಅವಳು ಬದುಕ್ತಿದ್ಲು, ಅತ್ತೆ."

ಹೌದು ಅನ್ನಬೇಕಿತ್ತು. ತಿಂಗಳುಗಳಿಂದ ನಾಲಿಗೆಯ ತುದಿಯಲ್ಲೇ ಇದ್ದ ಮಾತು. ಅವನ ತಲೆಯ ಹಿಂಭಾಗ ಕಾಣುತ್ತಿತ್ತು, ಕೂದಲು ಕತ್ತರಿಸದೆ ಕಾಲರಿನ ಮೇಲೆ ಬಂದಿತ್ತು. "ಏಳು, ಅವುಕ್ಕೆ ಹಸಿವಾಗಿದೆ. ನನಗಂತೂ ಬರಲ್ಲ, ನೀನೇ ಹಾಕು" ಅಂದೆ.

ಎದ್ದು ಹಾಕಿದ.

ಏಪ್ರಿಲ್ 10, ಗುರುವಾರ

ಡಾಕ್ಟರ ಹತ್ತಿರ ಹೋಗಿ ಬಂದೆವು. ಮಗಳ ಆಸ್ಪತ್ರೆ ಬೇಡವೆಂದು ಊರಿನ ಇನ್ನೊಂದು ತುದಿಗೆ. ನಾನು ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಏನು ಮಾತಾಡಿದನೋ. ಹೊರಗೆ ಬಂದಾಗ ಕಣ್ಣು ಒಣಗಿಯೇ ಇತ್ತು. ಮಾತ್ರೆ ಕೊಟ್ಟಿದ್ದಾರೆ, ಅದು ನನ್ನ ಹತ್ತಿರವೇ ಇರಬೇಕಂತೆ, ನಾನೇ ಕೊಡಬೇಕಂತೆ. ಗುಣವಾಗಲು ನಿಧಾನವಾಗುತ್ತದೆ ಅಂದರು. ಎಷ್ಟು ನಿಧಾನ ಎಂದು ಕೇಳಿದೆ. ಅವರು ನಕ್ಕರು.

ತಂಗಿ ಫೋನು ಮಾಡಿ ಯಾವಾಗ ಬರುತ್ತೀಯ ಅಂದಳು. ಪುರುಸೊತ್ತಿಲ್ಲ ಅಂದೆ.

ಏಪ್ರಿಲ್ 21, ಸೋಮವಾರ

ಬಿಸಿಲು ತಲೆ ಒಡೆಯುವ ಹಾಗಿದೆ. ದಿನವಿಡೀ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ಪಶ್ಚಿಮದ ಕೋಣೆ ಬೇಡವೆಂದು ಅವನ ಹಾಸಿಗೆಯನ್ನು ನಾನೇ ಎಳೆದು ತಂದು ನನ್ನ ಮಂಚದ ಪಕ್ಕ ನೆಲದ ಮೇಲೆ ಹಾಕಿದೆ. ಸ್ನಾನಕ್ಕೆ ಹತ್ತು ಸಲ ಹೇಳಬೇಕು. ಊಟ ಎರಡು ತುತ್ತು. ಕುದುರೆಗಳಿಗೆ ಹಾಕುವ ಹೊತ್ತಿಗೆ ಮಾತ್ರ ಏಳುತ್ತಾನೆ, ನನಗೆ ಬರುವುದಿಲ್ಲವಲ್ಲ, ಅದಕ್ಕೆ. ಮುಗಿಸಿ ಮತ್ತೆ ಮಲಗುತ್ತಾನೆ.

ಕೆಲವೊಮ್ಮೆ ನನಗೂ ಅವನ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಮಲಗಿಬಿಡೋಣ ಅನ್ನಿಸುತ್ತದೆ. ಇಬ್ಬರೂ ಮಲಗಿದರೆ ಒಲೆ ಹಚ್ಚುವವರು ಯಾರು.

ನೀರು ಇಪ್ಪತ್ತೈದೂವರೆ. ಫ್ಯಾನು ಓಡುತ್ತಲೇ ಇದೆ.

ಮೇ 2, ಶುಕ್ರವಾರ

ಬೆಳಿಗ್ಗೆಯಿಂದ ಕರೆಂಟಿಲ್ಲ. ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯಂತೆ. ನಮ್ಮ ಹುಡುಗ ಡಾಕ್ಟರ ಹತ್ತಿರ ಹೋಗಿದ್ದ, ಮೇಸ್ತ್ರಿಯ ಜೊತೆ. ನೋಡುನೋಡುತ್ತಿದ್ದಂತೆ ನೀರು ಇಪ್ಪತ್ತೇಳಾಯಿತು, ಇಪ್ಪತ್ತೆಂಟಾಯಿತು. ಹೆಣ್ಣು ಕುದುರೆ ಬಾಲ ಸುತ್ತಿದ್ದ ಕಡ್ಡಿ ಬಿಟ್ಟು ತಳದಲ್ಲಿ ಒರಗಿಕೊಂಡು ಬೇಗ ಬೇಗ ಉಸಿರಾಡುತ್ತಿತ್ತು.

ಮಗಳ ಪೆಟ್ಟಿಗೆ ತೆಗೆದೆ. ಹತ್ತಿಯ ಸೀರೆಗಳನ್ನು ಒದ್ದೆ ಮಾಡಿ ಗಾಜಿಗೆ ಸುತ್ತಿದೆ. ಬೀಸಿದೆ, ಲೋಟದಿಂದ ನೀರೆತ್ತಿ ಮೇಲಿಂದ ಸುರಿದೆ, ಮತ್ತೆ ಬೀಸಿದೆ. ಕೆಳಗಿನ ಮನೆಗೆ ಹೋಗಿ ಕರಗುತ್ತಿದ್ದ ಐಸು ತಂದು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಇಳಿಬಿಟ್ಟೆ, ಸ್ವಲ್ಪ ಹೊತ್ತು ಮಾತ್ರ. ಆರಿದಷ್ಟು ಸಿಹಿನೀರು ತುಂಬಿದೆ. ರಟ್ಟೆ ಬಿದ್ದುಹೋಯಿತು. ಇವು ಸತ್ತರೆ ಅವನು ಹಾಸಿಗೆಯಿಂದ ಏಳುವುದು ಯಾತಕ್ಕೆ ಎಂಬ ಒಂದೇ ಯೋಚನೆ.

ಅವನು ಬಾಗಿಲಲ್ಲಿ ನಿಂತಿದ್ದು ನನಗೆ ತಿಳಿಯಲೇ ಇಲ್ಲ. ಸೀರೆ ನೋಡಿದ, ಬಾಟಲಿ ನೋಡಿದ.

"ನಿಮಗೆ ಎಲ್ಲಾ ಗೊತ್ತಿತ್ತು" ಅಂದ.

"ಗೊತ್ತಿತ್ತು."

ನನ್ನ ಕೈಯಿಂದ ಬೀಸಣಿಗೆ ತೆಗೆದುಕೊಂಡು ಬೀಸತೊಡಗಿದ. ನಾನು ನೀರು ಸುರಿಯುತ್ತಾ ಹೋದೆ. ಸಂಜೆ ಕರೆಂಟು ಬಂತು.

ಮೇ 4, ಭಾನುವಾರ

ಹೆಣ್ಣು ಸತ್ತಿದೆ.

ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ಅತ್ತ. ಮಗಳನ್ನು ಕಳಿಸಿಕೊಟ್ಟ ದಿನ ಅಳದಿದ್ದವನು, ಕಲ್ಲೆದೆ ಎಂದು ನಾನು ಬೈದುಕೊಂಡವನು, ಬಾಯಿಗೆ ಬಟ್ಟೆ ಒತ್ತಿ ಹಿಡಿದರೂ ಸದ್ದು ನಿಲ್ಲದ ಹಾಗೆ ಅತ್ತ. ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡೆ. ನಾನೂ ಅತ್ತೆ. ಮಧ್ಯಾಹ್ನದ ತನಕ ಹಾಗೇ ಕೂತಿದ್ದೆವು, ಒಲೆ ಹಚ್ಚಲಿಲ್ಲ.

ಮೇ 7, ಬುಧವಾರ

ಗಂಡು ದಿನಾ ಬೆಳಿಗ್ಗೆ ಬಣ್ಣ ಬದಲಿಸಿಕೊಂಡು ಕಾಯುತ್ತದೆ. ನಮ್ಮಿಬ್ಬರಿಗೂ ಅದನ್ನು ನೋಡಲಾಗುತ್ತಿಲ್ಲ. ನೀರು ಮತ್ತೆ ಇಪ್ಪತ್ತಾರು. ಬೇಸಿಗೆ ಇನ್ನೂ ಉಳಿದಿದೆ.

ಅಂಗಡಿಯಾಕೆಯ ನೆಲಮಾಳಿಗೆಯಲ್ಲಿ ದೊಡ್ಡ ತೊಟ್ಟಿಯಿದೆ, ತಂಪಾಗಿದೆ, ಜೊತೆಗೆ ಬೇರೆಯವೂ ಇವೆ. ಬಿಟ್ಟು ಬರೋಣವೇ ಎಂದು ಅವನೇ ಕೇಳಿದ. ಬೇಡ ಅನ್ನಲು ಬಾಯಿ ತೆರೆದೆ. ಇದೂ ಹೋದರೆ ಇವನನ್ನು ಯಾವುದರಿಂದ ಕಟ್ಟಿ ಹಾಕಲಿ? ಆದರೆ ಅದಕ್ಕೆ ಸೆಕೆಯಾಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಬಿಟ್ಟು ಬರೋಣ ಅಂದೆ.

ಮೇ 10, ಶನಿವಾರ

ಬಿಟ್ಟು ಬಂದೆವು. ನೀರು ತುಂಬಿದ ಚೀಲವನ್ನು ದಾರಿಯುದ್ದಕ್ಕೂ ನಾನೇ ಮಡಿಲಲ್ಲಿಟ್ಟುಕೊಂಡಿದ್ದೆ. ಇಳಿಸಿದ ಕೂಡಲೇ ಹೋಗಿ ಒಂದು ಕಡ್ಡಿಗೆ ಬಾಲ ಸುತ್ತಿಕೊಂಡಿತು, ನಮ್ಮ ಕಡೆ ಬೆನ್ನು ಮಾಡಿ. ಅವನು ಗಾಜಿಗೆ ಬೆರಳು ತಾಗಿಸಿ ನಿಂತಿದ್ದ. ಈ ಸಲ ಅಂಗಡಿಯಾಕೆ ಕೈ ಹಿಡಿದಾಗ ನಾನು ಬಿಡಿಸಿಕೊಳ್ಳಲಿಲ್ಲ.

ಮನೆಗೆ ಬಂದು ತೊಟ್ಟಿಯ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಬಚ್ಚಲಿಗೆ ಸುರಿದೆವು. ಫ್ಯಾನು ನಿಲ್ಲಿಸಿದ. ಕೋಣೆ ಎಷ್ಟು ಮೌನವಾಯಿತೆಂದರೆ, ಇಬ್ಬರೂ ಎದ್ದು ಅಡುಗೆಮನೆಗೆ ಹೋದೆವು.

ಮೇ 11, ಭಾನುವಾರ

ಮಾಡಲು ಏನೂ ಇಲ್ಲ. ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ನಾನೂ ಕರೆಯಲಿಲ್ಲ. ಏನೆಂದು ಕರೆಯಲಿ? ಖಾಲಿ ಗಾಜಿನಾಚೆ ಬಚ್ಚಲ ಗೋಡೆ ಕಾಣುತ್ತದೆ. ದೇವರೇ, ಇವನನ್ನು ನನ್ನ ಕಣ್ಣೆದುರಿಗೆ ಒಯ್ಯಬೇಡ, ನಾನಿರುವ ತನಕ ಬೇಡ, ಆಮೇಲೂ ಬೇಡ ಎಂದು ಬೇಡಿಕೊಂಡೆ. ಬೇಡಿಕೊಂಡು ಬಹಳ ಕಾಲವಾಗಿತ್ತು.

ಸಂಜೆ ಮೇಸ್ತ್ರಿ ಬಂದು ಅವನ ಜೊತೆ ಮಾತಾಡಿ ಹೋದ. ನೆಲಮಟ್ಟದ ವರ್ಕ್‌ಶಾಪಿನಲ್ಲಿ ಕೂತು ಮೋಟಾರು ಬಿಚ್ಚುವ ಕೆಲಸ, ಮೇಲೆ ಹತ್ತುವುದೇನೂ ಇಲ್ಲ, ಡಾಕ್ಟರು ಒಪ್ಪಿದ್ದಾರೆ, ಮನಸ್ಸಿದ್ದರೆ ಬಾ ಅಂದನಂತೆ. ಹುಡುಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಊಟಕ್ಕೆ ಬಡಿಸಿದ್ದನ್ನು ಕಲಸಿ ಅರ್ಧ ತಿಂದ, ಕೈ ತೊಳೆದ, ಹಾಸಿಗೆ ಬಿಡಿಸಿಕೊಂಡು ಮಲಗಿದ. ಮಾತ್ರೆ ಕೊಟ್ಟೆ, ನುಂಗಿದ. ನಾನು ದೀಪ ಆರಿಸಲು ಎದ್ದೆ.

ಗೋಡೆಯ ಕಡೆ ತಿರುಗಿಕೊಂಡೇ, "ಅತ್ತೆ, ಬೆಳಿಗ್ಗೆ ನನ್ನನ್ನ ಏಳಿಸ್ತೀರಾ?" ಅಂದ.

ಏಳಿಸ್ತೀನಿ ಕಣೋ ಅಂದೆ.